ಗೋಡೆ ಒಡೆಯುವ ಮುಂಚೆ ಸಿಸ್ಟರನ್ನು ಕೇಳಿ

ಆಸ್ಪತ್ರೆ ಕಟ್ಟಡಗಳ ಸೈಟಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ದಾವಣಗೆರೆಯ ಎಂಜಿನಿಯರ್ ಒಬ್ಬರು ಈ ಬಾರಿ ಓದುಗರಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರ್, ಕೆಲಸಕ್ಕೆ ಸೇರಿ ಎರಡು ವರ್ಷ. ಇಲ್ಲಿನ ಒಂದು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಹಳೇ ವಾರ್ಡು ಒಡೆದು ಐಸಿಯು ಮಾಡುತ್ತಿದ್ದೇವೆ. ಪಕ್ಕದಲ್ಲೇ ಕ್ಯಾನ್ಸರ್ ರೋಗಿಗಳ ವಾರ್ಡು, ಕೆಳಗೆ ಡಯಾಲಿಸಿಸ್. ಆಸ್ಪತ್ರೆ ಒಂದು ದಿನವೂ ನಿಲ್ಲುವ ಹಾಗಿಲ್ಲ. ನಾಲ್ಕು ತಿಂಗಳಲ್ಲಿ ಮುಗಿಸಿ ಅಂತ ಒತ್ತಾಯ. ಧೂಳಿಗೆ ಪ್ಲಾಸ್ಟಿಕ್ ಶೀಟು ಕಟ್ಟಿಸಿದ್ದೇನೆ. ಅಷ್ಟು ಸಾಕಾ ಸರ್?
– ಹೆಸರು ಬೇಡ, ದಾವಣಗೆರೆ

ಉತ್ತರ: ಸಾಲದಮ್ಮ. ಶೀಟು ಎಲ್ಲಿಯವರೆಗೆ ಹೋಗಿದೆ ಅಂತ ಇವತ್ತೇ ಏಣಿ ಹತ್ತಿ ನೋಡಿ. ಫಾಲ್ಸ್ ಸೀಲಿಂಗಿಗೆ ನಿಲ್ಲಿಸಿದ್ದರೆ ಧೂಳು ಅದರ ಮೇಲಿನಿಂದ ಹಾದು ಪಕ್ಕದ ವಾರ್ಡಿಗೆ ಇಳಿಯುತ್ತದೆ. ತಡೆ ಅನ್ನುವುದು ನೆಲದಿಂದ ಮೇಲಿನ ಸ್ಲ್ಯಾಬಿನವರೆಗೆ ಇರಬೇಕು. ನಾಲ್ಕು ತಿಂಗಳ ಕೆಲಸ ಅಂದಮೇಲೆ ಶೀಟು ಬಿಡಿ, ಜಿಪ್ಸಂ ಬೋರ್ಡಿನ ಗೋಡೆಯನ್ನೇ ನಿಲ್ಲಿಸಿ ಸಂದಿಗಳಿಗೆಲ್ಲ ಟೇಪು ಹಾಕಿಸಿ. ನಿಮ್ಮ ಕಡೆ ಇರುವ ಎ.ಸಿ. ಬಾಯಿಗಳನ್ನು ಮುಚ್ಚಿಸಿ. ಒಳಗಿನ ಗಾಳಿಯನ್ನು ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಯಂತ್ರದಿಂದ ಹೊರಗೆ ಎಳೆಸುತ್ತಿರಿ. ಆಗ ವಾರ್ಡಿನ ಗಾಳಿ ಸೈಟಿಗೆ ಬರುತ್ತದೆ, ಸೈಟಿನ ಗಾಳಿ ವಾರ್ಡಿಗೆ ಹೋಗುವುದಿಲ್ಲ. ನೋಡುವುದು ಸುಲಭ. ಬಾಗಿಲ ಸಂದಿಯಲ್ಲಿ ಟಿಶ್ಯೂ ಪೇಪರ್ ಹಿಡಿಯಿರಿ. ಅದು ಸೈಟಿನ ಒಳಕ್ಕೆ ಬಾಗಬೇಕು. ದಿನಾ ಕೆಲಸ ಶುರುವಾಗುವ ಮುಂಚೆ ನೀವೇ ಹಿಡಿದು ನೋಡಿ. ಮೇಸ್ತ್ರಿಗೆ ಬಿಡಬೇಡಿ.

ಇಷ್ಟೆಲ್ಲ ಯಾಕೆ ಅಂದರೆ, ಆಸ್ಪರ್ಜಿಲಸ್ ಅಂತ ಒಂದು ಬೂಷ್ಟಿದೆ. ಮಣ್ಣಲ್ಲಿ, ಒದ್ದೆ ಗಾರೆಯಲ್ಲಿ, ಸೀಲಿಂಗಿನ ಮೇಲೆ ಕೂತ ಹಳೇ ಧೂಳಲ್ಲಿ ಇರುತ್ತದೆ. ಅದರ ಬೀಜಕಣ 2ರಿಂದ 3 ಮೈಕ್ರಾನ್ ಅಷ್ಟೆ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ನಾವೆಲ್ಲ ದಿನಾ ಅದನ್ನು ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಕೀಮೋ ತಗೊಂಡು ಬಿಳಿ ರಕ್ತಕಣ ಇಳಿದುಹೋದವರಿಗೆ ಅದೇ ಕಣ ಶ್ವಾಸಕೋಶದಲ್ಲಿ ಬೇರು ಬಿಡುತ್ತದೆ. ಜೀವ ಹೋಗಬಹುದು. ಹೆಪಾ ಫಿಲ್ಟರ್ 0.3 ಮೈಕ್ರಾನಿನ ಕಣವನ್ನೂ 99.97 ಶೇಕಡಾ ಹಿಡಿಯುತ್ತದೆ. ಅದರ ಬಾಡಿಗೆ ಜಾಸ್ತಿ ಅಂತ ಕಂಟ್ರಾಕ್ಟರ್ ಗೊಣಗಿದರೆ, ಒಂದು ಸಲ ಆ ವಾರ್ಡಿನ ಬಾಗಿಲವರೆಗೆ ಕರೆದುಕೊಂಡು ಹೋಗಿ ತೋರಿಸಿ.

ಇನ್ನೊಂದು ಮಾತು. ಹೊರದೇಶದ ಕೈಪಿಡಿಗಳು ಬಹುಪಾಲು ಕಿಟಕಿ ಮುಚ್ಚಿದ ಎ.ಸಿ. ಆಸ್ಪತ್ರೆಯನ್ನು ಮನಸ್ಸಿನಲ್ಲಿಟ್ಟು ಬರೆದವು. ನಮ್ಮ ಜನರಲ್ ವಾರ್ಡಿನಲ್ಲಿ ಏಪ್ರಿಲ್ ಬಿಸಿಲಿಗೆ ಕಿಟಕಿ ಮುಚ್ಚಲು ಆಗುತ್ತಾ? ಹಾಗಾಗಿ ನೀವು ಒಳಗಿನ ತಡೆ ನೋಡಿದರೆ ಸಾಲದು, ಅವಶೇಷ ಎಲ್ಲಿ ಇಳಿಯುತ್ತದೆ ಅನ್ನುವುದನ್ನೂ ನೋಡಬೇಕು. ಕಿಟಕಿ ಕೆಳಗೆ ಸುರಿಯಬೇಡಿ. ನೀರು ಚಿಮುಕಿಸಿ, ಮುಚ್ಚಿದ ಗಾಡಿಯಲ್ಲಿ ಸಾಗಿಸಿ. ಕಾರಿಡಾರಿನಲ್ಲಿ ರೋಗಿಯ ಕಡೆಯವರು ಚಾಪೆ ಹಾಸಿ ಮಲಗಿರುತ್ತಾರೆ, ಅಲ್ಲೇ ಬುತ್ತಿ ಬಿಚ್ಚುತ್ತಾರೆ. ಆ ದಾರಿಯಲ್ಲಿ ಗಾಡಿ ಹೋಗಲೇಬಾರದು. ಕಿಟಕಿಯ ಹೊರಗೆ ಸ್ಕಾಫೋಲ್ಡಿಂಗ್ ಕಟ್ಟಿ ಬೇರೆ ಇಳಿದಾರಿ ಮಾಡಿಕೊಳ್ಳಿ. ಖರ್ಚು ಬರುತ್ತದೆ, ಬರಲಿ.

ಈಗ ನೀರಿನ ವಿಷಯ. ಕೆಳಗೆ ಡಯಾಲಿಸಿಸ್ ಇದೆ ಅಂದಿರಿ. ನನ್ನಿಂದಾದ ಒಂದು ತಪ್ಪನ್ನು ಹೇಳಲೇಬೇಕು. ಬಹಳ ವರ್ಷಗಳ ಹಿಂದೆ ಈ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಹೊಸ ಶೌಚಾಲಯಕ್ಕೆ ಪೈಪು ಸೇರಿಸಬೇಕಿತ್ತು. ನಕ್ಷೆ ನೋಡಿದೆ. ಆ ಲೈನು ಶೌಚಾಲಯಕ್ಕೆ ಮಾತ್ರ ಹೋಗುತ್ತದೆ ಅಂತಿತ್ತು. ಬೆಳಿಗ್ಗೆ ಹತ್ತೂವರೆಗೆ ವಾಲ್ವು ಮುಚ್ಚಿಸಿದೆ. ಹತ್ತು ನಿಮಿಷಕ್ಕೆ ಒಬ್ಬ ಸಿಸ್ಟರ್ ಮೆಟ್ಟಿಲು ಹತ್ತಿ ಓಡಿ ಬಂದರು. ಡಯಾಲಿಸಿಸ್‌ನ ಆರ್‌ಒ ಪ್ಲಾಂಟಿಗೂ (ನೀರು ಶುದ್ಧ ಮಾಡುವ ಘಟಕ) ಅದೇ ಲೈನಿನಿಂದ ನೀರು ಹೋಗುತ್ತಿತ್ತು. ಆರು ಜನ ಮಷೀನಿನಲ್ಲಿದ್ದರು. ಅವರ ರಕ್ತವನ್ನು ಮೈಗೆ ವಾಪಸ್ ಹರಿಸಿ, ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅವರಲ್ಲೊಬ್ಬರು ಜಗಳೂರು ಕಡೆಯಿಂದ ಮೊದಲ ಬಸ್ಸಿಗೆ ಬಂದಿದ್ದ ಅಜ್ಜ. ಯಾರ ಜೀವಕ್ಕೂ ತೊಂದರೆ ಆಗಲಿಲ್ಲ. ಆದರೆ ಆ ಅಜ್ಜ ಮರುದಿನ ಮತ್ತೆ ಬರಬೇಕಾಯಿತು. ನಾನು ಹೋಗಿ ಕೈಮುಗಿದೆ. ಅವರು 'ಇರಲಿ ಬಿಡಪ್ಪ' ಅಂದರು. ಅದು ಇವತ್ತಿಗೂ ನೋಯುತ್ತದೆ.

ಆ ಆಸ್ಪತ್ರೆಯ ಹಳೇ ಪ್ಲಂಬರಿಗೆ ಆ ಲೈನು ಗೊತ್ತಿತ್ತು. ಡಯಾಲಿಸಿಸ್ ಸಿಸ್ಟರಿಗೂ ಗೊತ್ತಿತ್ತು. ನಾನು ಇಬ್ಬರನ್ನೂ ಕೇಳಿರಲಿಲ್ಲ.

ಒಬ್ಬರಿಗೆ ಒಂದು ಸಲದ ಡಯಾಲಿಸಿಸ್ ಸುಮಾರು 4 ಗಂಟೆ. ಅಷ್ಟರಲ್ಲಿ ಮಷೀನಿಗೆ ಹೆಚ್ಚುಕಡಿಮೆ 120 ಲೀಟರ್ ಶುದ್ಧ ನೀರು ಬೇಕು. ಆದ್ದರಿಂದ ನೀರು ನಿಲ್ಲಿಸುವ ಹೊತ್ತನ್ನು ನೀವು ತೀರ್ಮಾನ ಮಾಡಬೇಡಿ, ಅವರು ಹೇಳಲಿ. ಎರಡು ಪಾಳಿಗಳ ನಡುವೆ ಇಲ್ಲವೇ ಕೊನೆಯ ರೋಗಿ ಎದ್ದ ಮೇಲೆ ಮಾಡಿ. ಪೈಪು ಸೇರಿಸಿದ ಮೇಲೆ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಯುತ್ತೀರಿ ಅಲ್ವಾ? ಅದನ್ನು ಡಯಾಲಿಸಿಸ್‌ನವರಿಗೆ ಹೇಳದೆ ಎಂದೂ ಮಾಡಬೇಡಿ. ಕ್ಲೋರಿನ್ ಜಾಸ್ತಿಯಾಗಿ, ಅದನ್ನು ತಡೆಯುವ ಕಾರ್ಬನ್ ಫಿಲ್ಟರನ್ನೂ ದಾಟಿದರೆ ರೋಗಿಯ ಕೆಂಪು ರಕ್ತಕಣಗಳು ಒಡೆಯುತ್ತವೆ. ದಿನಗಟ್ಟಲೆ ಮುಚ್ಚಿದ್ದ ನಲ್ಲಿಗಳಿದ್ದರೆ, ವಾರ್ಡಿಗೆ ಬಿಡುವ ಮುಂಚೆ ನೀರು ಚೆನ್ನಾಗಿ ಹರಿಸಿಬಿಡಿ. ನಿಂತ ಬೆಚ್ಚಗಿನ ನೀರಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದರಿಂದ ನ್ಯುಮೋನಿಯಾ ಬರುತ್ತದೆ.

ಎಲ್ಲಿಂದ ಶುರು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಾರ್ ಚಾರ್ಟು (ಕೆಲಸದ ವೇಳಾಪಟ್ಟಿ) ಹಾಕುವ ಮುಂಚೆ ಒಂದು ಪೂರ್ತಿ ಹಗಲು, ಒಂದು ಪೂರ್ತಿ ರಾತ್ರಿ ಆ ಮಹಡಿಯಲ್ಲಿ ಇರಿ. ಔಷಧಿ ಎಷ್ಟು ಹೊತ್ತಿಗೆ, ಊಟದ ಗಾಡಿ ಯಾವ ಲಿಫ್ಟಿನಲ್ಲಿ, ಓ.ಟಿ.ಯಿಂದ ಸ್ಟ್ರೆಚರ್ ಯಾವ ದಾರಿಯಲ್ಲಿ ಬರುತ್ತದೆ, ಎಲ್ಲ ಬರೆದುಕೊಳ್ಳಿ. ಆಮೇಲೆ ಸೋಂಕು ನಿಯಂತ್ರಣದ ಸಿಸ್ಟರ್ ಜೊತೆ ಕೂತು ಯಾವ ಕೆಲಸಕ್ಕೆ ಯಾವ ತಡೆ ಬೇಕು ಅಂತ ಪಟ್ಟಿ ಮಾಡಿ, ಇಬ್ಬರೂ ಸಹಿ ಹಾಕಿ. ನಾಲ್ಕು ತಿಂಗಳು ಸಾಲುತ್ತದೋ ಇಲ್ಲವೋ ಅಂತ ಆಗ ಗೊತ್ತಾಗುತ್ತದೆ. ಸಾಲದಿದ್ದರೆ ಆಡಳಿತದವರಿಗೆ ಈಗಲೇ ಹೇಳಿ, ಮೂರನೇ ತಿಂಗಳಲ್ಲಿ ಅಲ್ಲ.

ಪ್ರಶ್ನೆ: ನಾನು ನವಜಾತ ಶಿಶುಗಳ ಐಸಿಯುದಲ್ಲಿ ಸ್ಟಾಫ್ ನರ್ಸ್. ಎರಡು ಮಹಡಿ ಮೇಲೆ ಕಾಂಕ್ರೀಟ್ ಒಡೆಯುತ್ತಿದ್ದಾರೆ. ದೂರ ಇದೆಯಲ್ಲ ಅಂತಾರೆ. ಆದರೆ ಇಲ್ಲಿ ಮಕ್ಕಳು ಬೆಚ್ಚುತ್ತವೆ. ಇನ್ನು ಆಷಾಢದ ಗಾಳಿ ಶುರುವಾಗುತ್ತದೆ, ಧೂಳಿನ ಭಯವೂ ಇದೆ.
– ಓದುಗರು, ಚಿತ್ರದುರ್ಗ

ಉತ್ತರ: ನೀವು ಹೇಳುವುದು ಸರಿ ಇದೆ ಸಿಸ್ಟರ್. ಕಾಂಕ್ರೀಟ್ ಒಡೆಯುವ ಬ್ರೇಕರ್ ಯಂತ್ರದ ಸದ್ದು ಗಾಳಿಯಲ್ಲಿ ಮಾತ್ರ ಬರುವುದಿಲ್ಲ, ಪಿಲ್ಲರು, ಸ್ಲ್ಯಾಬು ಹಿಡಿದು ಇಳಿಯುತ್ತದೆ. ಅದಕ್ಕೇ ಎರಡು ಮಹಡಿ ಕೆಳಗೂ ಕೇಳುತ್ತದೆ. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಅದರ ಮಿತಿ ಹಗಲು 50, ರಾತ್ರಿ 40 ಡೆಸಿಬೆಲ್. ಎಳೆ ಮಕ್ಕಳ ಐಸಿಯುದಲ್ಲಿ 45 ದಾಟಬಾರದು ಅಂತ ಮಕ್ಕಳ ವೈದ್ಯರೇ ಹೇಳುತ್ತಾರೆ. ಬ್ರೇಕರ್ ಪಕ್ಕ ನಿಂತರೆ 100ರ ಆಸುಪಾಸು ಇರುತ್ತದೆ.

ಬ್ರೇಕರ್ ಬದಲು ನೀರು ಹಾಯಿಸಿ ಡೈಮಂಡ್ ಕಟರಿನಿಂದ ಕತ್ತರಿಸಿ, ತುಂಡುಗಳನ್ನು ಇಳಿಸಲಿ. ಅದರಲ್ಲೂ ಸದ್ದಿದೆ. ಆದರೆ ಬಡಿತ ಇಲ್ಲ, ಧೂಳೂ ಕಡಿಮೆ. ಬಡಿಯಲೇಬೇಕಾದ ಕಡೆ ನೀವು ಹೇಳಿದ ಹೊತ್ತಿಗೆ, ಅರ್ಧರ್ಧ ಗಂಟೆ ಮಾಡಲಿ. ನಿಮ್ಮ ಕೈಗೆ ಸೈಟಿನ ಒಬ್ಬರ ಫೋನ್ ನಂಬರ್ ಕೊಡಿಸಿಕೊಳ್ಳಿ. ನೀವು ನಿಲ್ಲಿಸಿ ಅಂದರೆ ಎರಡು ನಿಮಿಷದಲ್ಲಿ ನಿಲ್ಲಬೇಕು. ಇದನ್ನು ಮಾತಲ್ಲಿ ಬಿಡಬೇಡಿ, ಬರೆಸಿಕೊಳ್ಳಿ.

ಗಾಳಿ ವಿಷಯದಲ್ಲಂತೂ ನಿಮ್ಮ ಊರಿನವರಿಗೆ ನಾನು ಹೇಳಬೇಕಿಲ್ಲ. ಜೋಗಿಮಟ್ಟಿ ಕಡೆ ಗಾಳಿಯಂತ್ರ ನೆಟ್ಟಿದ್ದೇ ಆ ಗಾಳಿ ನಂಬಿ. ಮುಂಗಾರಿನ ಗಾಳಿ ಪಡುವಣದಿಂದ ಬರುತ್ತದೆ. ಮರಳು, ಅವಶೇಷ ಎರಡನ್ನೂ ಕಟ್ಟಡದ ಮೂಡಣ ಮಗ್ಗುಲಲ್ಲಿ ಹಾಕಿಸಿ, ಮೇಲೆ ತಾಡಪಾಲು ಬಿಗಿಸಿ.

ಪ್ರಶ್ನೆ: ಆಸ್ಪತ್ರೆಯಲ್ಲಿ ವೆಲ್ಡಿಂಗ್ ಕೆಲಸ ಸಿಕ್ಕಿದೆ. ದಿನಾ ಪರ್ಮಿಟ್ ತಗೋ ಅಂತಾರೆ. ಸುಮ್ನೆ ಹೊತ್ತು ಹೋಗುತ್ತದೆ. ಬೇಕೇಬೇಕಾ?
– ಫ್ಯಾಬ್ರಿಕೇಷನ್ ಕೆಲಸಗಾರ, ಹರಿಹರ

ಉತ್ತರ: ಬೇಕೇಬೇಕು ತಮ್ಮಾ. ಆಮ್ಲಜನಕ ತಾನಾಗಿ ಉರಿಯುವುದಿಲ್ಲ, ಆದರೆ ಅದು ಸೋರಿದ ಕಡೆ ಹಾಸಿಗೆ, ಬಟ್ಟೆ ಎಲ್ಲ ಕ್ಷಣದಲ್ಲಿ ಹೊತ್ತಿಕೊಳ್ಳುತ್ತವೆ. ಎಣ್ಣೆ, ಗ್ರೀಸು ಹತ್ತಿದ ಕೈಯಲ್ಲಿ ಆಮ್ಲಜನಕದ ವಾಲ್ವು ಮುಟ್ಟಲೇಬೇಡ. ಆ ಗೋಡೆಯಲ್ಲಿ ಆಮ್ಲಜನಕದ ತಾಮ್ರದ ಪೈಪು ಇದೆಯಾ ಅಂತ ಮ್ಯಾನಿಫೋಲ್ಡ್ ರೂಮಿನವರನ್ನು (ಪೈಪಿಗೆ ಆಮ್ಲಜನಕ ಬಿಡುವ ಕೋಣೆಯವರು) ಕರೆಸಿ ಕೇಳು. ಕಿಡಿ ಬೀಳುವಲ್ಲಿ ಬೆಂಕಿ ಹಿಡಿಯದ ಹೊದಿಕೆ ಹಾಸು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬನನ್ನು ನಿಲ್ಲಿಸು. ಕೆಲಸ ಮುಗಿದ ಮೇಲೂ ಒಂದು ಗಂಟೆ ಅವನು ಅಲ್ಲೇ ಇರಲಿ. ಹೊಗೆ ಪತ್ತೆ ಮಾಡುವ ಅಲಾರಂ ಆಫ್ ಮಾಡಿಸಿದ್ದರೆ, ಮನೆಗೆ ಹೊರಡುವ ಮುಂಚೆ ಅದು ಮತ್ತೆ ಆನ್ ಆಗಿದೆಯಾ ಅಂತ ನೀನೇ ಹೋಗಿ ನೋಡು.