ಸುಣ್ಣ ಬಳಿಯುವುದಕ್ಕೆ ಪೇಟೆಂಟ್ ಇಲ್ಲ

ಪ್ರಶ್ನೆ: ಮೂಡಿಗೆರೆ ಬಳಿ ನಮ್ಮದು ಐದು ಎಕರೆ ಅರೇಬಿಕಾ ಕಾಫಿ ತೋಟ. ಬಿಳಿ ಕಾಂಡಕೊರಕ ತಗುಲಿದ ಗಿಡಗಳನ್ನು ವರ್ಷವೂ ಕಿತ್ತು ಸುಡುತ್ತಿದ್ದೇವೆ. ಅಂಗಡಿಗೆ ಹೊಸ ಹೊಸ ಔಷಧಿ ಬರುತ್ತಲೇ ಇವೆ, ಈ ಹುಳುವಿಗೆ ಮಾತ್ರ ಗಟ್ಟಿ ಪರಿಹಾರವಿಲ್ಲ. ಪೇಟೆಂಟ್ ಸಿಗುವುದಿಲ್ಲವೆಂದು ಕಂಪನಿಗಳು ಸುಮ್ಮನಿವೆಯೇ?

ಉತ್ತರ: ನಿಮ್ಮ ಅನುಮಾನಕ್ಕೆ ಆಧಾರವಿದೆ, ಆದರೆ ಪೇಟೆಂಟ್ ಒಂದೇ ಕಾರಣವಲ್ಲ. ಭತ್ತ, ಹತ್ತಿಯ ಮುಂದೆ ಅರೇಬಿಕಾದ ಮಾರುಕಟ್ಟೆ ಬಹಳ ಚಿಕ್ಕದು.

ಕಾಂಡದೊಳಗೆ ಹೊಕ್ಕ ಹುಳುವಿಗೆ ಮೇಲಿನ ಸಿಂಪಡಣೆ ತಾಗುವುದು ಕಷ್ಟ. ನೆಚ್ಚಿಕೊಳ್ಳಬೇಕಾದದ್ದು ತೋಟದ ಕೆಲಸವನ್ನೇ. ಮರಗಸಿಯಲ್ಲಿ, ಅಂದರೆ ನೆರಳು ಮರಗಳ ಕೊಂಬೆ ಸವರುವಾಗ, ಅತಿಯಾಗಿ ಕಡಿಯದೆ ನೆರಳು ಉಳಿಸಬೇಕು. ಈ ಹುಳು ಬೆಳೆದು ಆಗುವ ದುಂಬಿ ಮೊಟ್ಟೆಯಿಡುವ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯಬೇಕು. ಅದು ಹಾರುವ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಹೊತ್ತಿಗೆ ಕಾಂಡಕ್ಕೆ ಸುಣ್ಣ ಬಳಿದಿರಬೇಕು. ಹುಳು ಒಳಗೆ ಕೊರೆದ ಗುರುತಾಗಿ ಕಾಂಡದ ಮೇಲೆ ಉಬ್ಬುಗೆರೆ ಕಂಡ ಗಿಡವನ್ನು ಕೀಳಬೇಕು. ಎಷ್ಟು ನೆರಳು, ಯಾವಾಗ ಸುಣ್ಣ ಎಂದು ನಿಖರವಾಗಿ ತಿಳಿಯಲು ವರ್ಷಗಟ್ಟಲೆ ಪ್ರಯೋಗ ಬೇಕು. ಆದರೆ 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಕೃಷಿ, ತೋಟಗಾರಿಕೆಯ ವಿಧಾನಗಳಿಗೆ ಪೇಟೆಂಟ್ ಇಲ್ಲ. ಇಲ್ಲದಿರುವುದೇ ಸರಿ, ಮರಗಸಿಗೆ ಕಂಪನಿಯ ಅನುಮತಿ ಕೇಳುವ ಕಾಲ ಯಾರಿಗೂ ಬರಬಾರದು. ಆದರೆ ಯಾರೇ ಖರ್ಚು ಮಾಡಿ ಕಂಡುಹಿಡಿದರೂ ಮರುದಿನವೇ ಎಲ್ಲರ ಪಾಲಾಗುವ ವಿದ್ಯೆಗೆ ಖಾಸಗಿ ಹಣ ಬರುವುದಿಲ್ಲ. ಡಬ್ಬಿಯಲ್ಲಿ ತುಂಬಿ ಮಾರಬಹುದಾದ ರಾಸಾಯನಿಕದ ಕಡೆಗೇ ಹಣ ಹರಿಯುತ್ತದೆ.

ಇನ್ನೊಂದು ತೊಡಕು ಕಾಲದ್ದು. ಪೇಟೆಂಟಿನ 20 ವರ್ಷಗಳ ಎಣಿಕೆ ಅರ್ಜಿ ಸಲ್ಲಿಸಿದ ದಿನದಿಂದಲೇ ಶುರು, ಮಾರಾಟದ ದಿನದಿಂದಲ್ಲ. ಪ್ರಯೋಗ ಎಳೆದಷ್ಟೂ ಗಳಿಕೆಯ ವರ್ಷಗಳು ಸವೆಯುತ್ತವೆ. ಅಮೆರಿಕದ ಅರ್ಥಶಾಸ್ತ್ರಜ್ಞರು 2015ರಲ್ಲಿ ಕ್ಯಾನ್ಸರ್ ಔಷಧಗಳ ವಿಷಯದಲ್ಲಿ ಇದನ್ನೇ ತೋರಿಸಿದರು: ಬೇಗ ಫಲಿತಾಂಶ ಸಿಗುವ ಕೊನೆಯ ಹಂತದ ರೋಗಿಗಳ ಮೇಲೆ ಖಾಸಗಿ ಸಂಶೋಧನೆ ಹೆಚ್ಚು, ಆರಂಭದ ಹಂತ ಮತ್ತು ತಡೆಗಟ್ಟುವಿಕೆಯ ಮೇಲೆ ಕಡಿಮೆ. ಫಸಲು ಕಾಣಲು ವರ್ಷಗಳೇ ಬೇಕಾಗುವ ಕಾಫಿಯಲ್ಲಿ ತಳಿ ಅಭಿವೃದ್ಧಿಯ ಪಾಡು ಊಹಿಸಿಕೊಳ್ಳಿ.

ಬಾಳೆಹೊನ್ನೂರಿನ ಸರ್ಕಾರಿ ಕಾಫಿ ಸಂಶೋಧನಾ ಕೇಂದ್ರ 1925ರಿಂದಲೂ ನಮಗೆ ಬೇಕಾಗಿರುವುದು ಇದಕ್ಕೇ. ಎಸ್. 795, ಚಂದ್ರಗಿರಿ ತಳಿಗಳು ಅಲ್ಲಿಂದ ಬಂದವು. ಅಲ್ಲಿ ಕಾಂಡಕೊರಕದ ದೀರ್ಘ ಪ್ರಯೋಗಗಳಿಗೆ ಹಣ ಮೀಸಲಿಡುವಂತೆ ನಿಮ್ಮ ಬೆಳೆಗಾರರ ಸಂಘ ಕಾಫಿ ಮಂಡಳಿಯನ್ನು ಒತ್ತಾಯಿಸಲಿ. ಯಾವ ತಿಂಗಳು ಎಷ್ಟು ಗಿಡ ಕಿತ್ತಿರಿ, ಅಲ್ಲಿ ನೆರಳು ಹೇಗಿತ್ತು ಎಂದು ಬರೆದಿಟ್ಟಿದ್ದರೆ ಆ ಪುಸ್ತಕವನ್ನೂ ಜೊತೆಗೆ ಒಯ್ಯಿರಿ.