ಲೆಕ್ಕದಲ್ಲಿರುವ ಟ್ಯಾಂಕು, ಹೊರಡಬಲ್ಲ ಟ್ಯಾಂಕು

ಸಂಪಾದಕರ ಉತ್ತರ

(ಪತ್ರದ ಸಾರ: ಭಾರತೀಯ ಸೇನೆಯ ಫಿರಂಗಿ ದಳದಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿರುವ ಕೊಡಗಿನ ಓದುಗರೊಬ್ಬರು, ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ್ದ ಯುರೋಪಿನ ಸೇನಾಬಲದ ಕೋಷ್ಟಕವನ್ನು ಕುರಿತು ಮೂರು ಪ್ರಶ್ನೆ ಕೇಳಿದ್ದಾರೆ. ಜರ್ಮನಿ, ಫ್ರಾನ್ಸ್, ಬ್ರಿಟನ್ ಮೂರನ್ನೂ ಕೂಡಿಸಿದರೂ ಸಿಗದಷ್ಟು ಟ್ಯಾಂಕುಗಳು ಗ್ರೀಸಿನ ಹೆಸರಿನ ಮುಂದಿವೆಯಲ್ಲ, ಅದು ಅಚ್ಚಿನ ತಪ್ಪೇ? ತಪ್ಪಲ್ಲವಾದರೆ ಯುರೋಪಿನಲ್ಲಿ ನಿಜಕ್ಕೂ ಬಲಶಾಲಿ ರಾಷ್ಟ್ರ ಯಾವುದು? ಇಷ್ಟೊಂದು ಸೈನಿಕರಿರುವ ಖಂಡ ಅಮೆರಿಕದ ಮುಖ ನೋಡುವುದೇಕೆ?)

ಮಾನ್ಯರೇ,

ಗ್ರೀಸಿನ ಅಂಕಿ ಅಚ್ಚಿನ ತಪ್ಪಲ್ಲ. ಅದರ ಸೇನೆಯ ಲೆಕ್ಕದಲ್ಲಿ 1,200ಕ್ಕೂ ಹೆಚ್ಚು ಟ್ಯಾಂಕುಗಳಿವೆ. ಜರ್ಮನಿಯ ಬಳಿ 300ರ ಆಸುಪಾಸು, ಫ್ರಾನ್ಸಿನ ಬಳಿ 200ರ ಆಸುಪಾಸು, ಬ್ರಿಟನ್ನಿನ ಬಳಿ 200ಕ್ಕೆ ತುಸು ಮೇಲೆ ಇರುವುದರಿಂದ ಮೂರನ್ನೂ ಕೂಡಿಸಿದರೂ 800 ಮುಟ್ಟುವುದಿಲ್ಲ. ಆದರೆ ಈ ಅಂಕಿಯನ್ನು ಯಾವ ವಿವರಣೆಯೂ ಇಲ್ಲದೆ ಉಳಿದವುಗಳ ಸಾಲಿನಲ್ಲಿ ನಿಲ್ಲಿಸಿದ್ದು ನಮ್ಮ ತಪ್ಪು, ಅದನ್ನು ಒಪ್ಪಿಕೊಳ್ಳುತ್ತೇನೆ.

ಗ್ರೀಸಿನ ಟ್ಯಾಂಕುಗಳು ನೋಡುತ್ತಿರುವುದು ರಷ್ಯಾದ ಕಡೆಗಲ್ಲ, ತನ್ನಂತೆಯೇ 1952ರಲ್ಲಿ ನ್ಯಾಟೊ ಎಂಬ ಅಮೆರಿಕ-ಯುರೋಪ್ ಸೇನಾ ಮೈತ್ರಿಕೂಟವನ್ನು ಸೇರಿದ ಟರ್ಕಿಯ ಕಡೆಗೆ. 1974ರಲ್ಲಿ ಟರ್ಕಿಯ ಸೇನೆ ಸೈಪ್ರಸ್ಸಿನಲ್ಲಿ ಇಳಿದದ್ದು, 1996ರಲ್ಲಿ ಇಮಿಯಾ ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪಗಳಿಗಾಗಿ ಎರಡೂ ದೇಶಗಳು ಯುದ್ಧದ ಅಂಚಿಗೆ ಬಂದು ನಿಂತದ್ದು, ಇವೆರಡೂ ಗ್ರೀಕರ ನೆನಪಿನಿಂದ ಮಾಸಿಲ್ಲ. ಎವ್ರೋಸ್ ನದಿಯ ಗಡಿಯಲ್ಲೂ ಏಜಿಯನ್ ಸಮುದ್ರದ ದ್ವೀಪಗಳಲ್ಲೂ ಅವರು ಟ್ಯಾಂಕುಗಳನ್ನು ಇಟ್ಟುಕೊಂಡಿರುವುದು ಈ ಕಾರಣಕ್ಕೆ. ಅಷ್ಟೊಂದು ಟ್ಯಾಂಕು ಅವರಿಗೆ ದೊರೆತ ಬಗೆಗೆ ಬೇರೆಯದೇ ಕಥೆಯಿದೆ. 1990ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಸಹಿಯಾದ ಒಪ್ಪಂದವು ನ್ಯಾಟೊ ಮತ್ತು ಸೋವಿಯತ್ ನೇತೃತ್ವದ ವಾರ್ಸಾ ಕೂಟ ಎಂಬ ಎರಡೂ ಬಣಗಳಿಗೆ ತಲಾ 20,000 ಟ್ಯಾಂಕುಗಳ ಮಿತಿ ಹಾಕಿದಾಗ, ಮಧ್ಯ ಯುರೋಪಿನಲ್ಲಿ ಹೆಚ್ಚುವರಿಯಾದವುಗಳಲ್ಲಿ ಒಂದು ಪಾಲನ್ನು ಒಡೆದು ಹಾಕುವ ಬದಲು ಗ್ರೀಸಿಗೂ ಟರ್ಕಿಗೂ ದಾಟಿಸಲಾಯಿತು. ಅಣ್ಣನಿಗೆ ಗಿಡ್ಡವಾದ ಅಂಗಿ ತಮ್ಮನಿಗೆ ಬಂದಂತೆ. ಆದ್ದರಿಂದ ಗ್ರೀಸಿನ ಲೆಕ್ಕದಲ್ಲಿ ಜರ್ಮನ್ ಮೂಲದ 170 ಒಳ್ಳೆಯ ಲೆಪರ್ಡ್-2ಎ6 ಟ್ಯಾಂಕುಗಳ ಜೊತೆಗೆ, 1960ರ ದಶಕದಲ್ಲಿ ರೂಪುಗೊಂಡ ಲೆಪರ್ಡ್-1 ಮತ್ತು ಅದಕ್ಕೂ ಹಳೆಯ ಅಮೆರಿಕದ ಎಂ-48 ಟ್ಯಾಂಕುಗಳು ನೂರಾರು ಸಂಖ್ಯೆಯಲ್ಲಿ ಸೇರಿವೆ. ಕೋಷ್ಟಕಕ್ಕೆ ಇವೆಲ್ಲವೂ ಒಂದೇ.

ಟ್ಯಾಂಕು ಒಳ್ಳೆಯ ಜಾತಿಯದಾದ ಮಾತ್ರಕ್ಕೆ ಅದು ಹೊರಡುತ್ತದೆಂದೂ ಹೇಳಲಾಗದು. 2022ರಲ್ಲಿ ಸ್ಪೇನ್ ತನ್ನ ಹಳೆಯ ಲೆಪರ್ಡ್-2ಎ4 ಟ್ಯಾಂಕುಗಳನ್ನು ಉಕ್ರೇನಿಗೆ ಕೊಡುವ ವಿಚಾರ ಮಾಡಿತು. ಸಾರಗೋಸಾದ ಉಗ್ರಾಣದಲ್ಲಿ ವರ್ಷಗಟ್ಟಲೆ ನಿಂತಿದ್ದ ಅವನ್ನು ಪರೀಕ್ಷಿಸಿದ ಮೇಲೆ, ಅವುಗಳ ಸ್ಥಿತಿ ಶೋಚನೀಯವಾಗಿದೆ, ಬಳಸುವವರಿಗೇ ಅಪಾಯ ಎಂದು ಆ ದೇಶದ ರಕ್ಷಣಾ ಸಚಿವೆ ಮಾರ್ಗರಿಟಾ ರೊಬ್ಲೆಸ್ ಆಗಸ್ಟಿನಲ್ಲಿ ಬಹಿರಂಗವಾಗಿ ಹೇಳಬೇಕಾಯಿತು. ಮರುವರ್ಷ ಕೆಲವನ್ನು ರಿಪೇರಿ ಮಾಡಿ ಕಳುಹಿಸಿದರು. ಆದರೆ ರಿಪೇರಿಗೆ ಮೊದಲೂ ಆಮೇಲೂ ಅವು ಪಟ್ಟಿಗಳಲ್ಲಿ ಲೆಪರ್ಡ್-2 ಎಂದೇ ಎಣಿಕೆಯಾಗುತ್ತಿದ್ದವು.

ಈ ವಿಷಯದಲ್ಲಿ ಹೆಚ್ಚು ನಗೆಪಾಟಲಾದ ದೇಶ ಜರ್ಮನಿ. 2014ರಲ್ಲಿ ನಾರ್ವೆಯ ಕವಾಯತಿನಲ್ಲಿ ಜರ್ಮನ್ ತುಕಡಿಯೊಂದು ಮೆಷಿನ್ ಗನ್ನುಗಳಿಲ್ಲದ ವಾಹನಗಳಿಗೆ ಕಪ್ಪು ಬಣ್ಣ ಬಳಿದ ಪೊರಕೆ ಕೋಲುಗಳನ್ನು ಕಟ್ಟಿಕೊಂಡು ಹೋಗಿತ್ತು. 2017ರ ಕೊನೆಗೆ ಅದರ ಆರು ಜಲಾಂತರ್ಗಾಮಿಗಳಲ್ಲಿ ಒಂದೂ ಸಮುದ್ರಕ್ಕಿಳಿಯುವ ಸ್ಥಿತಿಯಲ್ಲಿರಲಿಲ್ಲ. ಉಳಿತಾಯದ ನೆಪದಲ್ಲಿ ಬಿಡಿಭಾಗಗಳ ದಾಸ್ತಾನನ್ನು ಕಡಿತ ಮಾಡಿದ್ದು ಅದಕ್ಕೆ ಒಂದು ಮುಖ್ಯ ಕಾರಣ. 2022ರ ಡಿಸೆಂಬರಿನಲ್ಲಿ ಕವಾಯತಿಗೆ ಹೋದ 18 ಪೂಮಾ ಯುದ್ಧವಾಹನಗಳೂ ಒಂದೊಂದಾಗಿ ಕೆಟ್ಟು ನಿಂತವು. ಹೆಚ್ಚಿನವು ಸಣ್ಣ ದೋಷಗಳಾಗಿದ್ದು ಕೆಲವೇ ವಾರಗಳಲ್ಲಿ ಸರಿಹೋದವೆಂಬುದನ್ನೂ ಹೇಳಬೇಕು. ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ 2022ರ ಫೆಬ್ರವರಿ 24ರಂದೇ ಜರ್ಮನ್ ಭೂಸೇನೆಯ ಮುಖ್ಯಸ್ಥ ಆಲ್ಫೋನ್ಸ್ ಮೈಸ್, ತಾವು ಮುನ್ನಡೆಸುತ್ತಿರುವ ಸೇನೆಯ ಕೈ ಹೆಚ್ಚುಕಡಿಮೆ ಬರಿದಾಗಿದೆ ಎಂದು ಸಾರ್ವಜನಿಕವಾಗಿ ಬರೆದುಕೊಂಡರು. ಮೂರೇ ದಿನಗಳಲ್ಲಿ ಚಾನ್ಸಲರ್ ಓಲಾಫ್ ಶೋಲ್ಜ್ 100 ಶತಕೋಟಿ ಯೂರೋಗಳ ವಿಶೇಷ ನಿಧಿ ಘೋಷಿಸಿದರು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತಿಗೆ ಇದಕ್ಕಿಂತ ದುಬಾರಿಯಾದ ಉದಾಹರಣೆ ನನಗೆ ಗೊತ್ತಿಲ್ಲ. ಆದರೂ ಜರ್ಮನಿಯ ಪರವಾಗಿ ಒಂದು ಮಾತು ಹೇಳಬೇಕಾಗಿದೆ. ಅಲ್ಲಿನ ಸಂಸತ್ತು ಸೇನೆಯ ಕುಂದುಕೊರತೆ ನೋಡಲೆಂದೇ ಒಬ್ಬ ಆಯುಕ್ತರನ್ನು ನೇಮಿಸುತ್ತದೆ, ಅವರ ವಾರ್ಷಿಕ ವರದಿ ಎಲ್ಲರ ಕೈಗೂ ಸಿಗುತ್ತದೆ. ನಾವು ಜರ್ಮನಿಯ ಹುಳುಕುಗಳನ್ನು ಇಷ್ಟು ವಿವರವಾಗಿ ಬಲ್ಲೆವೆಂದರೆ, ಅದನ್ನು ತಾನಾಗಿಯೇ ಬರೆದಿಡುವ ಅಭ್ಯಾಸ ಆ ದೇಶಕ್ಕಿದೆ ಎಂದೂ ಅರ್ಥ.

ಸನ್ನದ್ಧತೆ ಎಂದರೇನೆಂದು ತಮಗೆ ನಾನು ವಿವರಿಸುವ ಅಗತ್ಯವಿಲ್ಲ. ಹೊರಡಬೇಕೆಂಬ ಆಜ್ಞೆ ಬಂದ ಎಷ್ಟು ಹೊತ್ತಿಗೆ ತೋಪು, ಗುಂಡು, ಗಾಡಿ, ಜನ ಎಲ್ಲವೂ ಹೊರಡುತ್ತವೆ ಎಂಬುದೇ ಅದರ ಅಳತೆ. ನ್ಯಾಟೊ ಕೂಡ ಇದನ್ನು ದಿನಗಳಲ್ಲಿಯೇ ಅಳೆಯುತ್ತದೆ. 2022ರ ಮ್ಯಾಡ್ರಿಡ್ ಸಭೆಯಲ್ಲಿ ಒಪ್ಪಿದ ಯೋಜನೆಯಂತೆ 10 ದಿನಗಳೊಳಗೆ ಒಂದು ಲಕ್ಷಕ್ಕೂ ಹೆಚ್ಚು, 10ರಿಂದ 30 ದಿನಗಳೊಳಗೆ ಸುಮಾರು ಎರಡು ಲಕ್ಷ, ಆರು ತಿಂಗಳೊಳಗೆ ಕನಿಷ್ಠ ಐದು ಲಕ್ಷ ಸೈನಿಕರು ಸಿದ್ಧರಾಗಬೇಕು. ಇದಕ್ಕೆ ತದ್ವಿರುದ್ಧವಾದ ಪ್ರಸಂಗವೊಂದು ನ್ಯಾಟೊದ ಹೊರಗಿರುವ ಸ್ವಿಟ್ಜರ್‌ಲೆಂಡಿನಲ್ಲಿ ನಡೆದಿದೆ. 2014ರ ಫೆಬ್ರವರಿ 17ರ ಬೆಳಗಿನ ಜಾವ, ಅಪಹೃತವಾದ ಇಥಿಯೋಪಿಯದ ವಿಮಾನವೊಂದು ಜಿನೀವಾಕ್ಕೆ ಬಂದಿಳಿಯುವವರೆಗೆ ಅದರ ಬೆನ್ನಿಗಿದ್ದದ್ದು ಇಟಲಿ ಮತ್ತು ಫ್ರಾನ್ಸಿನ ಯುದ್ಧವಿಮಾನಗಳು. ಸ್ವಿಸ್ ವಾಯುಪಡೆ ಆಗ ಕಚೇರಿ ವೇಳೆಯಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು, ಮಧ್ಯಾಹ್ನದ ಊಟದ ಬಿಡುವೂ ಇತ್ತು. ದಿನದ 24 ಗಂಟೆಯೂ ಎಚ್ಚರವಿರುವ ವ್ಯವಸ್ಥೆ ಪೂರ್ಣಗೊಂಡದ್ದು 2020ರ ಕೊನೆಗೆ. ಅವರ ವಿಮಾನಗಳಾಗಲಿ ಚಾಲಕರಾಗಲಿ ಕಳಪೆಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನು ಬಲಶಾಲಿ ಯಾರೆಂಬ ಪ್ರಶ್ನೆ. ನಮ್ಮ ಕೋಷ್ಟಕದಲ್ಲಿ ತಾವು ಪ್ರಾಯಶಃ ಕಣ್ಣು ಹಾಯಿಸಿ ಮುಂದೆ ಹೋಗಿರಬಹುದಾದ ಸಾಲು ಫಿನ್ಲೆಂಡಿನದು. ಅಲ್ಲಿ ಸಮವಸ್ತ್ರದಲ್ಲಿರುವವರು 24,000ದ ಆಸುಪಾಸು, ಅದರಲ್ಲಿಯೂ ಹೆಚ್ಚಿನವರು ತರಬೇತಿಯಲ್ಲಿರುವ ಹುಡುಗರು. ಆದರೆ 56 ಲಕ್ಷ ಜನಸಂಖ್ಯೆಯ ಆ ದೇಶ ಯುದ್ಧ ಬಂದರೆ 2,80,000 ಜನರ ಸೇನೆಯನ್ನು ನಿಲ್ಲಿಸುತ್ತದೆ, ಅದರ ಹಿಂದಿರುವ ಮೀಸಲು ಪಡೆಯಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಶೀತಲ ಸಮರ ಮುಗಿಯಿತೆಂದು ಫ್ರಾನ್ಸ್ 2001ರ ಹೊತ್ತಿಗೆ, ಸ್ವೀಡನ್ 2010ರಲ್ಲಿ, ಜರ್ಮನಿ 2011ರಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ಕೈಬಿಟ್ಟಾಗ, ರಷ್ಯಾದೊಂದಿಗೆ 1,340 ಕಿಲೋಮೀಟರ್ ಗಡಿ ಹಂಚಿಕೊಂಡಿರುವ ಫಿನ್ಲೆಂಡ್ ಬಿಡಲಿಲ್ಲ. 1939ರ ನವೆಂಬರ್ 30ರಂದು ಸೋವಿಯತ್ ಸೇನೆ ಗಡಿ ದಾಟಿದ್ದನ್ನೂ, 105 ದಿನ ಕಾದಾಡಿ ಕೊನೆಗೆ ಭೂಭಾಗ ಬಿಟ್ಟುಕೊಡಬೇಕಾಗಿ ಬಂದದ್ದನ್ನೂ ಅದು ಮರೆತಿಲ್ಲ. ದೊಡ್ಡ ಕಟ್ಟಡಗಳ ಅಡಿಯಲ್ಲಿ ಕಟ್ಟಿದ ಮತ್ತು ಬಂಡೆಯೊಳಗೆ ಕೊರೆದ ಆಶ್ರಯತಾಣಗಳು ಅಲ್ಲಿ ಸುಮಾರು 50,500 ಇದ್ದು, 48 ಲಕ್ಷ ಜನರಿಗೆ ಸ್ಥಳವಿದೆ. ಶಾಂತಿಕಾಲದಲ್ಲಿ ಅವುಗಳಲ್ಲಿ ಕೆಲವು ಈಜುಕೊಳಗಳು, ಕೆಲವು ವಾಹನ ನಿಲ್ದಾಣಗಳು. ತಾವು ಫಿರಂಗಿ ದಳದವರಾದ್ದರಿಂದ ಇನ್ನೊಂದು ಸಂಗತಿಯನ್ನೂ ಹೇಳುತ್ತೇನೆ: ಪಶ್ಚಿಮ ಯುರೋಪಿನ ಅತಿ ದೊಡ್ಡ ಫಿರಂಗಿ ಬಲಗಳಲ್ಲಿ ಒಂದು ಈ ಸಣ್ಣ ದೇಶದ್ದು. ತನ್ನ ಮನೆಯನ್ನು ತಾನೇ ಕಾಯುವ ಮಟ್ಟಿಗೆ ಯುರೋಪಿನಲ್ಲಿ ಮೊದಲ ಸ್ಥಾನವನ್ನು ನಾನು ಫಿನ್ಲೆಂಡಿಗೇ ಕೊಡುತ್ತೇನೆ. ಆದರೆ ಅದೇ ಸೇನೆಯನ್ನು ಸಾವಿರಾರು ಕಿಲೋಮೀಟರ್ ದೂರಕ್ಕೆ ಕಳುಹಿಸೆಂದರೆ ಆಗದು. ಅದು ಅದಕ್ಕಾಗಿ ಕಟ್ಟಿದ ಸೇನೆಯಲ್ಲ.

ದೂರಕ್ಕೆ ಹೋಗಬಲ್ಲ ಸೇನೆಗಳು ಫ್ರಾನ್ಸ್ ಮತ್ತು ಬ್ರಿಟನ್ನಿನವು. ಎರಡರ ಬಳಿಯೂ ಅಣ್ವಸ್ತ್ರಗಳಿವೆ. 1969ರಿಂದ ಇಂದಿನವರೆಗೆ ಬ್ರಿಟನ್ನಿನ ಅಣ್ವಸ್ತ್ರ ಹೊತ್ತ ಒಂದಾದರೂ ಜಲಾಂತರ್ಗಾಮಿ ಸಮುದ್ರದಲ್ಲಿ ಇಲ್ಲದ ದಿನವಿಲ್ಲ, ಇದೂ ಸನ್ನದ್ಧತೆಯೇ. ಇವೆರಡರ ಕಷ್ಟವೆಂದರೆ ಎಲ್ಲವೂ ಇದೆ, ಯಾವುದೂ ಸಾಕಷ್ಟಿಲ್ಲ. ಫ್ರಾನ್ಸಿನ ಏಕೈಕ ವಿಮಾನವಾಹಕ ನೌಕೆ 2017ರಲ್ಲಿ ದೊಡ್ಡ ದುರಸ್ತಿಗೆ ಹೋದಾಗ ಆ ದೇಶಕ್ಕೆ ಸುಮಾರು ಒಂದೂವರೆ ವರ್ಷ ವಿಮಾನವಾಹಕ ನೌಕೆಯೇ ಇರಲಿಲ್ಲ. ಎರಡು ನೌಕೆಗಳಿರುವ ಬ್ರಿಟನ್ 2024ರ ಫೆಬ್ರವರಿಯಲ್ಲಿ ನ್ಯಾಟೊದ ದೊಡ್ಡ ಕವಾಯತಿಗೆ ‘ಕ್ವೀನ್ ಎಲಿಜಬೆತ್’ ಹೊರಡುವ ಮುನ್ನಾದಿನ ಪ್ರೊಪೆಲರಿನ ದಂಡದಲ್ಲಿ ದೋಷ ಕಂಡು ಅದನ್ನು ನಿಲ್ಲಿಸಿ, ‘ಪ್ರಿನ್ಸ್ ಆಫ್ ವೇಲ್ಸ್’ ಅನ್ನು ಕಳುಹಿಸಿತು. ಎರಡನೆಯದು ಇದ್ದದ್ದರಿಂದ ಮಾನ ಉಳಿಯಿತು. ಬ್ರಿಟನ್ ತನ್ನ ಎಎಸ್-90 ಹೊವಿಟ್ಜರ್ ತೋಪುಗಳನ್ನು ಉಕ್ರೇನಿಗೆ ಕೊಟ್ಟು, ತಾತ್ಕಾಲಿಕವಾಗಿ ಸ್ವೀಡನ್ನಿನಿಂದ ಕೊಂಡದ್ದು 14 ಆರ್ಚರ್ ತೋಪುಗಳನ್ನು. ತಾವು ಸೇವೆಯಲ್ಲಿ ಬಳಸಿದೆನೆಂದು ಬರೆದಿರುವ ಬೋಫೋರ್ಸ್ ತೋಪಿನ ವಂಶದ್ದೇ ಅದು, ಲಾರಿಯ ಮೇಲೆ ಕುಳಿತಿದೆ ಅಷ್ಟೆ.

ಪೋಲೆಂಡ್ ಬೇರೆಯೇ ಬಗೆ. 2024ರಲ್ಲಿ ರಾಷ್ಟ್ರೀಯ ಆದಾಯದ ಶೇಕಡಾ 4ಕ್ಕೂ ಹೆಚ್ಚನ್ನು ರಕ್ಷಣೆಗೆ ಮೀಸಲಿಟ್ಟ ಆ ದೇಶ ದಕ್ಷಿಣ ಕೊರಿಯಾದಿಂದ ಕೆ-2 ಟ್ಯಾಂಕು ಮತ್ತು ಕೆ-9 ಹೊವಿಟ್ಜರುಗಳನ್ನು, ಅಮೆರಿಕದಿಂದ ಏಬ್ರಮ್ಸ್ ಟ್ಯಾಂಕುಗಳನ್ನು ಅಂಗಡಿ ಬಾಚಿದಂತೆ ಕೊಂಡಿದೆ. ಸೈನಿಕರ ಸಂಖ್ಯೆ ಎರಡು ಲಕ್ಷ ದಾಟಿದೆ. ಅದರ ಸಂಕಲ್ಪದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಮೊದಲೇ ಇದ್ದ ಲೆಪರ್ಡುಗಳೂ ಸೇರಿ ಮೂರು ವಂಶದ ಟ್ಯಾಂಕುಗಳಿಗೆ ಮೂರು ಬಗೆಯ ಬಿಡಿಭಾಗ, ಮೂರು ಬಗೆಯ ಮೆಕ್ಯಾನಿಕ್ಕುಗಳು ಬೇಕು, ಆ ಖರ್ಚು ಇಪ್ಪತ್ತು-ಮೂವತ್ತು ವರ್ಷ ಬೆನ್ನು ಬಿಡುವುದಿಲ್ಲ.

ಯಾವ ಕೋಷ್ಟಕದಲ್ಲಿಯೂ ಕಾಣದ ಅಂಕಣವೆಂದರೆ ಮದ್ದುಗುಂಡಿನದು. 2023ರ ಮಾರ್ಚಿನಲ್ಲಿ ಐರೋಪ್ಯ ಒಕ್ಕೂಟವು ಒಂದು ವರ್ಷದಲ್ಲಿ ಹತ್ತು ಲಕ್ಷ ಫಿರಂಗಿ ಗುಂಡುಗಳನ್ನು ಉಕ್ರೇನಿಗೆ ಕೊಡುವುದಾಗಿ ಮಾತು ಕೊಟ್ಟಿತು. ಗಡುವು ಮುಗಿದಾಗ ಕೊಡಲಾದದ್ದು ಅರ್ಧದಷ್ಟು. 2023ರ ಅಕ್ಟೋಬರಿನಲ್ಲಿಯೇ ನ್ಯಾಟೊ ಸೇನಾ ಸಮಿತಿಯ ಅಧ್ಯಕ್ಷ ಅಡ್ಮಿರಲ್ ರಾಬ್ ಬೌವರ್, ಪೀಪಾಯಿಯ ತಳ ಕಾಣುತ್ತಿದೆ ಎಂದರು. ಮೂವತ್ತು ವರ್ಷ ಬೇಡಿಕೆಯಿಲ್ಲದೆ ಕಾರ್ಖಾನೆಗಳು ಮುಚ್ಚಿದ್ದವು, ಇದ್ದವುಗಳಲ್ಲಿ ನುರಿತ ಕೆಲಸಗಾರರು ಕಡಿಮೆಯಾಗಿದ್ದರು. ಗುಂಡನ್ನು ಚಿಮ್ಮಿಸುವ ಮದ್ದಿಗೆ ಬೇಕಾದ, ಹತ್ತಿಬೀಜಕ್ಕೆ ಅಂಟಿಕೊಂಡಿರುವ ಗಿಡ್ಡ ನಾರು ಬಹುಪಾಲು ಚೀನಾದಿಂದ ಬರುತ್ತಿತ್ತು. ಗುಂಡಿನ ವ್ಯಾಸ 155 ಮಿಲಿಮೀಟರ್ ಎಂಬುದು ಎಲ್ಲರಿಗೂ ಸಾಮಾನ್ಯ ಅಳತೆಯಾದರೂ, ಒಂದು ದೇಶದ ಗುಂಡನ್ನು ಇನ್ನೊಂದು ದೇಶದ ತೋಪಿನಲ್ಲಿ ಪರೀಕ್ಷಿಸಿ ಒಪ್ಪಿಗೆ ಪಡೆಯದೆ ಹಾರಿಸುವಂತಿಲ್ಲವೆಂಬುದು ತಮಗೆ ಗೊತ್ತಿರುವ ವಿಚಾರ. ಈಗ ಸ್ಥಿತಿ ಸುಧಾರಿಸುತ್ತಿದೆ. 2025ರ ಆಗಸ್ಟಿನಲ್ಲಿ ಜರ್ಮನಿಯ ಉಂಟರ್‌ಲ್ಯೂಸ್‌ನಲ್ಲಿ ತೆರೆದ ಕಾರ್ಖಾನೆ ವರ್ಷಕ್ಕೆ 3,50,000 ಗುಂಡು ತಯಾರಿಸುವ ಗುರಿ ಇಟ್ಟುಕೊಂಡಿದೆ.

ಅಮೆರಿಕದ ಮುಖ ನೋಡುವುದೇಕೆ ಎಂಬ ಮೂರನೆಯ ಪ್ರಶ್ನೆಗೆ ಉತ್ತರವೂ ಇಲ್ಲಿಂದಲೇ ಹೊರಡುತ್ತದೆ. ಟರ್ಕಿಯನ್ನು ಬಿಟ್ಟರೂ ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್ನಿನ ಸೈನಿಕರು ಸೇರಿ 14-15 ಲಕ್ಷ ಆಗುತ್ತಾರೆ. ಆದರೆ ಅದು ಒಂದು ಸೇನೆಯಲ್ಲ, ಎರಡು ಡಜನ್ನಿಗೂ ಹೆಚ್ಚು ಸೇನೆಗಳು. ಅವುಗಳನ್ನು ಒಂದಾಗಿ ನಡೆಸುವ ಉಪಗ್ರಹಗಳು, ಆಕಾಶದಲ್ಲಿ ಇಂಧನ ತುಂಬುವ ವಿಮಾನಗಳು, ದೊಡ್ಡ ಸಾಗಣೆ ವಿಮಾನಗಳು, ಕಮಾಂಡ್ ವ್ಯವಸ್ಥೆ ಇವೆಲ್ಲ ಬಹುಮಟ್ಟಿಗೆ ಅಮೆರಿಕದವು. 1951ರಲ್ಲಿ ಐಸೆನ್‌ಹೋವರ್ ಅವರಿಂದ ಮೊದಲ್ಗೊಂಡು ಯುರೋಪಿನ ನ್ಯಾಟೊ ಪಡೆಗಳ ಮಹಾದಂಡನಾಯಕರಾದವರೆಲ್ಲರೂ ಅಮೆರಿಕನ್ನರೇ. 2011ರಲ್ಲಿ ಲಿಬಿಯಾದಂಥ ದುರ್ಬಲ ಎದುರಾಳಿಯ ಮೇಲೆ ಹನ್ನೊಂದು ವಾರ ದಾಳಿ ನಡೆಸುವಷ್ಟರಲ್ಲಿ ಮಿತ್ರರಾಷ್ಟ್ರಗಳ ಮದ್ದುಗುಂಡು ಮುಗಿಯತೊಡಗಿತೆಂದು ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಬ್ರಸೆಲ್ಸಿನಲ್ಲಿಯೇ ನಿಂತು ಹಂಗಿಸಿದ್ದರು. ಇದಕ್ಕೆ ದಾರಿಯ ತೊಡಕನ್ನೂ ಸೇರಿಸಿ. ಪೋಲೆಂಡಿನ ರೈಲು ಹಳಿಗಳ ಅಗಲ 1,435 ಮಿಲಿಮೀಟರ್, ಅದರಾಚೆಯ ಲಿಥುವೇನಿಯಾ ಮೊದಲಾದ ಬಾಲ್ಟಿಕ್ ದೇಶಗಳದು 1,520. ಮೀಟರ್ ಗೇಜಿನ ಕಾಲದಲ್ಲಿ ನಡುದಾರಿಯಲ್ಲಿ ಗಾಡಿ ಬದಲಿಸಿ ಪ್ರಯಾಣ ಮಾಡಿದ ನಮ್ಮ ಹಿರಿಯ ಓದುಗರಿಗೆ, 60 ಟನ್ ತೂಕದ ಟ್ಯಾಂಕುಗಳನ್ನು ಹಾಗೆ ಇಳಿಸಿ ಹತ್ತಿಸುವುದೆಂದರೆ ಏನೆಂದು ಊಹಿಸುವುದು ಕಷ್ಟವಲ್ಲ. ಜರ್ಮನಿ ಲಿಥುವೇನಿಯಾದಲ್ಲಿ ಸುಮಾರು 4,800 ಸೈನಿಕರ ಬ್ರಿಗೇಡನ್ನು ಕಾಯಂ ಆಗಿ ನೆಲೆಗೊಳಿಸಲು 2025ರಲ್ಲಿ ತೊಡಗಿದ್ದು ಇದನ್ನು ಬಲ್ಲದ್ದರಿಂದಲೇ. ಯುದ್ಧ ಬಂದ ಮೇಲೆ ಹೊರಡುವ ಸೇನೆಗಿಂತ ಮೊದಲೇ ಅಲ್ಲಿರುವ ಸೇನೆ ಮೇಲು.

ಒಗ್ಗೂಡಿದರೆ ಏನಾಗಬಹುದೆಂಬುದಕ್ಕೆ ನೆದರ್‌ಲೆಂಡ್ಸಿನ ಉದಾಹರಣೆ ಚೆನ್ನಾಗಿದೆ. 2011ರಲ್ಲಿ ಖರ್ಚು ಉಳಿಸಲು ತನ್ನ ಟ್ಯಾಂಕು ಪಡೆಯನ್ನೇ ವಿಸರ್ಜಿಸಿದ ಆ ದೇಶ ನೂರು ಲೆಪರ್ಡುಗಳನ್ನು ಫಿನ್ಲೆಂಡಿಗೆ ಮಾರಿತು. ಆಮೇಲೆ ಟ್ಯಾಂಕು ಓಡಿಸುವ ವಿದ್ಯೆಯೇ ಮರೆತುಹೋದೀತೆಂದು ಜರ್ಮನ್ ಬೆಟಾಲಿಯನ್ ಒಂದರಲ್ಲಿ ತನ್ನ ಸೈನಿಕರನ್ನು ಸೇರಿಸಿತು. 2024ರಲ್ಲಿ ಮತ್ತೆ ತನ್ನದೇ 46 ಟ್ಯಾಂಕು ಕೊಳ್ಳಲು ತೀರ್ಮಾನಿಸಿತು. ಮಾರಿದ್ದನ್ನೇ ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಈ ವ್ಯವಹಾರದ ನಡುವೆ, ಬೇರೆಯವರ ಟ್ಯಾಂಕಿನಲ್ಲಿ ಕುಳಿತಾದರೂ ವಿದ್ಯೆಯನ್ನು ಉಳಿಸಿಕೊಂಡದ್ದು ಅವರ ಜಾಣತನ.

ಖರ್ಚಿನ ಅಂಕಣದ ಬಗ್ಗೆ ತಾವು ಕೇಳಿಲ್ಲವಾದರೂ ಒಂದು ಮಾತು. ನ್ಯಾಟೊ ಲೆಕ್ಕದ ರಕ್ಷಣಾ ವೆಚ್ಚದಲ್ಲಿ ನಿವೃತ್ತ ಸೈನಿಕರ ಪಿಂಚಣಿಯೂ ಸೇರಿರುತ್ತದೆ. ಪಿಂಚಣಿ ನ್ಯಾಯವಾದ ಖರ್ಚು, ತಮ್ಮೆದುರು ಬೇರೆ ಹೇಳುವ ಧೈರ್ಯ ನನಗಿಲ್ಲ, ಆದರೆ ಅದರಿಂದ ಗುಂಡು ಹಾರುವುದಿಲ್ಲ.

ಕೊನೆಯದಾಗಿ, ನಮ್ಮ ಕೋಷ್ಟಕದಲ್ಲಿ ಅಚ್ಚಿನ ತಪ್ಪೊಂದು ನಿಜವಾಗಿಯೂ ಇತ್ತು, ಆದರೆ ಅದು ಗ್ರೀಸಿನ ಸಾಲಿನಲ್ಲಲ್ಲ. ಸ್ವೀಡನ್ನಿನ ಹೆಸರನ್ನು ನ್ಯಾಟೊದ ಹೊರಗಿನ ದೇಶಗಳ ಗುಂಪಿನಲ್ಲಿ ಹಾಕಿದ್ದೆವು. ಅದು 2024ರ ಮಾರ್ಚ್ 7ರಂದು ನ್ಯಾಟೊ ಸೇರಿದೆ. 2005ರಲ್ಲಿ ಸೇನೆಯನ್ನು ಹಿಂದೆಗೆದುಕೊಂಡು ಬರಿದು ಮಾಡಿದ್ದ ಗಾಟ್‌ಲ್ಯಾಂಡ್ ದ್ವೀಪಕ್ಕೆ ಅದು ಮತ್ತೆ ಸೈನಿಕರನ್ನು ಕಳುಹಿಸಿದ್ದು 2016ರಲ್ಲಿ, ಕಡ್ಡಾಯ ಸೈನಿಕ ಸೇವೆಯನ್ನು ಮರಳಿ ತಂದದ್ದು 2017ರಲ್ಲಿ. ಓದುಗರು ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ.

— ಸಂಪಾದಕ