ವೈನ್ ಕುಡಿದರೆ ಎಲ್ಲವೂ ಒಂದೇ ಥರ ಅನಿಸುತ್ತದೆ, ರುಚಿ ಹಿಡಿಯುವುದು ಹೇಗೆ?

ಒಂದು ವರ್ಷದಿಂದ ಕುಡಿಯುತ್ತಿದ್ದರೂ ಬಾಟಲಿಗಳ ನಡುವಿನ ವ್ಯತ್ಯಾಸ ತಿಳಿಯುತ್ತಿಲ್ಲ, ರೆಸ್ಟೋರೆಂಟಿನಲ್ಲಿ ಒಂದಿಷ್ಟು ಸುರಿದು 'ನೋಡಿ' ಎಂದಾಗ ಏನು ಹೇಳಬೇಕೋ ಗೊತ್ತಾಗುವುದಿಲ್ಲ, ಪುಸ್ತಕ ಓದಿದರೆ ಉಪಯೋಗವಿದೆಯೇ ಎಂದು ಕೇಳಿದ್ದೀರಿ. ನಿಮ್ಮ ನಾಲಿಗೆಯಲ್ಲಿ ಏನೂ ಕೊರತೆಯಿಲ್ಲ. ಪ್ರತಿಸಲ ಒಂದೊಂದೇ ವೈನ್, ಅದೂ ತಪ್ಪು ಉಷ್ಣತೆಯಲ್ಲಿ ಕುಡಿದರೆ ಎಂಥ ಅನುಭವಿಗೂ ವ್ಯತ್ಯಾಸ ಹತ್ತುವುದಿಲ್ಲ.

ಮೊದಲು ಉಷ್ಣತೆ. ಬಾಟಲಿ ಬದಲಿಸುವುದಕ್ಕಿಂತ ಇದನ್ನು ಸರಿಮಾಡಿಕೊಳ್ಳುವುದೇ ದೊಡ್ಡ ಲಾಭ ಎಂದು ನಾನು ಹೇಳುತ್ತೇನೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಚಳಿನಾಡಿನ ತಣ್ಣನೆಯ ಮನೆಗಳಿಂದ ಬಂದದ್ದು. ಅದರರ್ಥ 16ರಿಂದ 18 ಡಿಗ್ರಿ ಸೆಲ್ಸಿಯಸ್. 26 ಡಿಗ್ರಿಯಲ್ಲಿ ಅದೇ ವೈನ್ ಮೂಗಿಗೆ ಬರೀ ಆಲ್ಕೋಹಾಲಿನ ಘಾಟು ಹೊಡೆಯುತ್ತದೆ, ಹಣ್ಣಿನ ಪರಿಮಳ ಅದರಡಿ ಮುಚ್ಚಿಹೋಗುತ್ತದೆ. ಸುರಿಯುವ ಮೊದಲು 30ರಿಂದ 40 ನಿಮಿಷ ಫ್ರಿಜ್ಜಿನಲ್ಲಿಡಿ. ಬಿಳಿಯದರ ಕಥೆ ತಿರುಗುಮುರುಗು. ಫ್ರಿಜ್ಜಿನ ಒಳಗೆ ಸುಮಾರು 4 ಡಿಗ್ರಿ ಇರುತ್ತದೆ, ಬಿಳಿ ವೈನಿಗೆ ಬೇಕಾದದ್ದು 8ರಿಂದ 12. ತೀರಾ ತಣ್ಣಗಿದ್ದರೆ ಪರಿಮಳ ಮೇಲೇಳುವುದೇ ಇಲ್ಲ, ಹುಳಿಯೊಂದೇ ಚುಚ್ಚುತ್ತದೆ. ಹೊರಗೆ ತೆಗೆದು ಕಾಲು ಗಂಟೆ ಬಿಡಿ. ಅವಸರವಿದ್ದರೆ ಬಕೆಟ್ಟಿನಲ್ಲಿ ಅರ್ಧ ಐಸ್, ಅರ್ಧ ನೀರು ಹಾಕಿ ಬಾಟಲಿಯನ್ನು ಕುತ್ತಿಗೆಯವರೆಗೆ ಮುಳುಗಿಸಿ. 20 ನಿಮಿಷ ಸಾಕು. ಬರೀ ಐಸ್ ಹಾಕಿದರೆ ತುಂಡುಗಳ ನಡುವೆ ಗಾಳಿ ಉಳಿದು ಬಾಟಲಿ ನಿಧಾನವಾಗಿ ತಣಿಯುತ್ತದೆ.

ಲೋಟದ ವಿಷಯಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ತೆಳು ಗಾಜಿನ ಲೋಟ ಒಂದೇ ಬಗೆಯದು ಇದ್ದರೂ ಎಲ್ಲಕ್ಕೂ ನಡೆಯುತ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಉಳಿದ ಜಾಗ ಪರಿಮಳಕ್ಕೆ. ಖಾಲಿ ಲೋಟವನ್ನು ಒಮ್ಮೆ ಮೂಸಿ: ಸೋಪಿನ ಅಥವಾ ಕಪಾಟಿನ ವಾಸನೆ ಇದ್ದರೆ ವೈನಿಗೂ ಅದೇ ಬರುತ್ತದೆ.

ಈಗ ಮುಖ್ಯ ಕೆಲಸ. ಒಂದೇ ದ್ರಾಕ್ಷಿಯ ಎರಡು ಬೇರೆ ಊರಿನ ವೈನ್‌ಗಳನ್ನು ಒಟ್ಟಿಗೆ ತೆರೆಯಿರಿ. ಸೋವಿಞೋನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯಾದರೆ ಫ್ರಾನ್ಸಿನ ಸಾನ್ಸೇರ್ ಒಂದು, ನ್ಯೂಜಿಲೆಂಡಿನ ಮಾರ್ಲ್‌ಬರೋ ಒಂದು. ಎರಡು ಲೋಟಕ್ಕೆ ತಲಾ 60 ಮಿಲಿ ಮಾತ್ರ ಸುರಿದು ಅಕ್ಕಪಕ್ಕ ಇಡಿ, ಇದನ್ನೊಮ್ಮೆ ಅದನ್ನೊಮ್ಮೆ ಮೂಸುತ್ತಾ ಹೋಗಿ. ಒಂಟಿಯಾಗಿದ್ದಾಗ 'ಚೆನ್ನಾಗಿದೆ' ಎಂಬಷ್ಟೇ ಮಾತು ಹೊರಡುವ ವೈನ್, ಪಕ್ಕದಲ್ಲಿ ಇನ್ನೊಂದು ಬಂದ ಕೂಡಲೇ ಹೆಚ್ಚು ಹುಳಿಯದೋ, ದಪ್ಪನೆಯದೋ, ಹಸಿರು ವಾಸನೆಯದೋ ಆಗಿಬಿಡುತ್ತದೆ. ವ್ಯತ್ಯಾಸ ಹುಟ್ಟುವುದೇ ಹೋಲಿಕೆಯಲ್ಲಿ.

ಬರೆದುಕೊಳ್ಳುವಾಗ ಕನ್ನಡದಲ್ಲೇ ಬರೆಯಿರಿ. ಈ ವಿಷಯದಲ್ಲಿ ನಮ್ಮ ಭಾಷೆ ಶ್ರೀಮಂತ. ಟ್ಯಾನಿನ್ ಎಂದು ಕರೆಯುವ ವಸ್ತು ನಾಲಿಗೆಗೆ ತಿಳಿಯುವುದು ಒಗರಾಗಿ: ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ಇಳಿದು, ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು, ಕಡುಚಹಾ ಕುಡಿದಂತೆ ಒಸಡನ್ನು ಒಣಗಿಸುತ್ತದೆ. ಹುಳಿ ಬಾಯಲ್ಲಿ ನೀರೂರಿಸುತ್ತದೆ, ಒಗರು ಬಾಯಿ ಒಣಗಿಸುತ್ತದೆ. ಇವೆರಡನ್ನು ಬೇರ್ಪಡಿಸಲು ಬಂತೆಂದರೆ ಅರ್ಧ ದಾರಿ ಸವೆಸಿದಂತೆ. ಒಗರು ಮುಂದಿರುವ ಕೆಂಪು ವೈನನ್ನು ಕೊಬ್ಬು, ಪ್ರೋಟೀನ್ ಇರುವ ಊಟದ ಜೊತೆ ಕುಡಿದು ನೋಡಿ, ಮೃದುವಾಗುತ್ತದೆ. ಖಾರದ ಜೊತೆ ಕುಡಿದರೆ ಒಗರೂ ಆಲ್ಕೋಹಾಲೂ ಸೇರಿ ಉರಿ ಹೆಚ್ಚಿಸುತ್ತವೆ. ಖಾರಕ್ಕೆ ತುಸು ಸಿಹಿ ಉಳಿದಿರುವ, ಆಲ್ಕೋಹಾಲ್ ಕಡಿಮೆಯಿರುವ ಬಿಳಿಯೇ ಸರಿ.

ರೆಸ್ಟೋರೆಂಟಿನಲ್ಲಿ ಬಾಟಲಿ ತೋರಿಸಿದಾಗ ಹೆಸರು, ತಯಾರಕರು, ವರ್ಷ ಇಷ್ಟನ್ನು ಪಟ್ಟಿಯ ಜೊತೆ ಹೊಂದಿಸಿ ನೋಡಿ. ಆಮೇಲೆ ಸುರಿಯುವ ಒಂದು ಗುಟುಕು ನಿಮ್ಮ ಮೆಚ್ಚುಗೆ ಕೇಳಲು ಅಲ್ಲ, ವೈನ್ ಕೆಟ್ಟಿದೆಯೇ ನೋಡಲು. ಮೂಸಿದರೆ ಸಾಮಾನ್ಯವಾಗಿ ತಿಳಿದುಬಿಡುತ್ತದೆ. ಒದ್ದೆ ರಟ್ಟಿನ, ಮುಚ್ಚಿಟ್ಟ ನೆಲಮಾಳಿಗೆಯ ಮುಗ್ಗಲು ವಾಸನೆ ಬಂದರೆ ಅದು ಕಾರ್ಕಿನಿಂದ ಬಂದ ಟಿಸಿಎ ಎಂಬ ಸಂಯುಕ್ತ. ಲೀಟರಿಗೆ ಒಂದು ಗ್ರಾಮಿನ ಶತಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟಿದ್ದರೂ ಮೂಗಿಗೆ ಸಿಗುತ್ತದೆ. ಆರೋಗ್ಯಕ್ಕೆ ಹಾನಿಯಿಲ್ಲ, ಆದರೆ ಹಣ್ಣಿನ ಪರಿಮಳವನ್ನೆಲ್ಲ ಕೊಂದುಬಿಡುತ್ತದೆ, ಗಾಳಿಗಿಟ್ಟರೂ ಹೋಗುವುದಿಲ್ಲ. 'ಕಾರ್ಕ್ ಹಿಡಿದಿದೆ ಅನಿಸುತ್ತದೆ, ದಯವಿಟ್ಟು ನೀವೂ ಮೂಸಿ ನೋಡಿ' ಎಂದರೆ ಸಾಕು. ಗೀರಿದ ಬೆಂಕಿಕಡ್ಡಿಯ, ಬೇಯಿಸಿದ ಮೊಟ್ಟೆಯ ವಾಸನೆ ಬಂದರೆ ಮಾತ್ರ ಅವಸರ ಬೇಡ. ಅದು ಗಂಧಕದ ಸಂಯುಕ್ತಗಳದ್ದು, ಲೋಟ ಚೆನ್ನಾಗಿ ತಿರುಗಿಸಿ ಐದು ನಿಮಿಷ ಕಾದರೆ ಬಹುತೇಕ ಹಾರಿಹೋಗುತ್ತದೆ. ತಳದಲ್ಲಿ ಗಾಜಿನ ಹರಳಿನಂಥದ್ದು ಕಂಡರೆ ಅದು ದ್ರಾಕ್ಷಿಯದೇ ಟಾರ್ಟ್ರೇಟ್ ಉಪ್ಪು, ಕೆಟ್ಟದ್ದರ ಗುರುತಲ್ಲ.

ಲೋಟದ ಲೆಕ್ಕದಲ್ಲಿ ಕೊಳ್ಳುವುದಾದರೆ ಬಾಟಲಿ ಯಾವಾಗ ತೆರೆದದ್ದು ಎಂದು ಕೇಳಲು ಸಂಕೋಚ ಬೇಡ. ಹೊರಗೆ ಮೂರು ದಿನ ನಿಂತ ಕೆಂಪು ವೈನ್ ಹಳಸಲು ಸೇಬಿನ ವಾಸನೆಗೆ ತಿರುಗಿರುತ್ತದೆ. ಕೆಂಪು ಬೆಚ್ಚಗೆ ಬಂದರೆ ಐಸ್ ಬಕೆಟ್ ಕೇಳಿ ಹತ್ತು ನಿಮಿಷ ಇಡಿಸಿ. ಪ್ರಮಾಣವೂ ನೆನಪಿರಲಿ: 750 ಮಿಲಿ ಬಾಟಲಿಯಲ್ಲಿ 150 ಮಿಲಿಯ ಐದು ಲೋಟ, ಶೇ. 13.5 ಆಲ್ಕೋಹಾಲಿನ ವೈನಾದರೆ ಒಂದೊಂದರಲ್ಲೂ ಸುಮಾರು 16 ಗ್ರಾಂ ಶುದ್ಧ ಆಲ್ಕೋಹಾಲ್. ಗಾಡಿ ಓಡಿಸುವವರು ರುಚಿ ನೋಡಿ ಉಗುಳುವುದೇ ಸರಿ, ಅದರಲ್ಲಿ ನಾಚಿಕೆಯೇನಿಲ್ಲ.

ಪುಸ್ತಕ ಖಂಡಿತ ಓದಿ, ಆದರೆ ಕುಡಿದ ಮೇಲೆ. ಫ್ರಾನ್ಸಿನ ಬೋರ್ಡೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 54 ಮಂದಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಕೆಂಪು ವೈನಿಗೆ ಬಳಸುವ ಪದಗಳಿಂದಲೇ ಅದನ್ನು ಬಣ್ಣಿಸಿದರು. ಕಣ್ಣು ಕಂಡದ್ದು ಮೂಗನ್ನು ಅಷ್ಟು ಎಳೆಯುತ್ತದೆ. ಮೊದಲೇ ಓದಿದ ಬಣ್ಣನೆಯೂ ಹಾಗೆಯೇ. ಆದ್ದರಿಂದ ಮೊದಲು ನಿಮ್ಮ ಮೂರು ಪದ ಬರೆದಿಟ್ಟು, ಆಮೇಲೆ ಆ ಬಾಟಲಿಗೆ ಸಂಬಂಧಿಸಿದ ಪುಟವಷ್ಟೇ ತೆರೆಯಿರಿ. ಶಾರ್ಡೊನೆ ಎಂಬ ಬಿಳಿ ದ್ರಾಕ್ಷಿಯ ವೈನಿನಲ್ಲಿ ಬೆಣ್ಣೆ ವಾಸನೆ ಸಿಕ್ಕಿತೇ? ಆ ರಾತ್ರಿ ಮ್ಯಾಲೊಲ್ಯಾಕ್ಟಿಕ್ ಹುದುಗುವಿಕೆಯ ಬಗ್ಗೆ ಓದಿ: ಸೇಬಿನಲ್ಲಿರುವಂಥ ಮ್ಯಾಲಿಕ್ ಹುಳಿಯನ್ನು ಬ್ಯಾಕ್ಟೀರಿಯಾ ಹಾಲಿನ ಮೆತ್ತನೆ ಹುಳಿಯಾಗಿಸುವಾಗ ಡಯಸಿಟೈಲ್ ಎಂಬ ಸಂಯುಕ್ತ ಹುಟ್ಟುತ್ತದೆ, ಬೆಣ್ಣೆ ವಾಸನೆ ಅದರದ್ದು. ಹೀಗೆ ಮೂಗಿನ ಮೂಲಕ ಬಂದದ್ದು ಮರೆಯುವುದಿಲ್ಲ. ಲೇಬಲ್ ಓದಲು ನಕ್ಷೆಗಳಿರುವ ಒಂದು ಪುಸ್ತಕವೂ ಬೇಕು, ಏಕೆಂದರೆ ಯುರೋಪಿನ ಎಷ್ಟೋ ವೈನ್‌ಗಳು ದ್ರಾಕ್ಷಿಯ ಹೆಸರು ಹೇಳದೆ ಊರ ಹೆಸರು ಹೇಳುತ್ತವೆ. ಫ್ರಾನ್ಸಿನ ಶಾಬ್ಲಿ ಎಂದರೆ ಶಾರ್ಡೊನೆ ದ್ರಾಕ್ಷಿ, ಇಟಲಿಯ ಬರೋಲೊ ಎಂದರೆ ನೆಬ್ಬಿಯೊಲೊ ದ್ರಾಕ್ಷಿ. ವಿಮರ್ಶಕರು ಕೊಡುವ ನೂರಕ್ಕೆ ಇಷ್ಟು ಎಂಬ ಅಂಕಗಳನ್ನು ನಾನು ಬದಿಗಿಡುತ್ತೇನೆ. ಹುಳಿ ಹೆಚ್ಚೋ ಒಗರು ಹೆಚ್ಚೋ ಎಂಬುದನ್ನು ಅಂಕ ಹೇಳುವುದಿಲ್ಲ.

ಎರಡು ಬಾಟಲಿ ಒಟ್ಟಿಗೆ ತೆರೆದರೆ ಉಳಿದದ್ದರ ಗತಿಯೇನು ಎಂಬ ಪ್ರಶ್ನೆ ಬರುತ್ತದೆ. ತೆರೆದ ಕೂಡಲೇ, ಕುಡಿಯುವ ಮೊದಲೇ, ತೊಳೆದು ಒಣಗಿಸಿದ 375 ಮಿಲಿಯ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಕೆಂಪಾದರೂ ಸರಿ. ಗಾಳಿಗೆ ಜಾಗವಿಲ್ಲದ್ದರಿಂದ ನಾಲ್ಕೈದು ದಿನ ಕೆಡುವುದಿಲ್ಲ. ಮೂರನೇ ದಿನ ಮತ್ತೆ ಎರಡನ್ನೂ ಅಕ್ಕಪಕ್ಕ ಸುರಿದು, ಮೊದಲ ದಿನದ ಟಿಪ್ಪಣಿ ನೋಡದೆ ಇನ್ನೊಮ್ಮೆ ಬರೆಯಿರಿ.